ಬೀರಪ್ಪನ ಹೆಸರಿನ ಬಾವಿ

ನಮ್ಮೂರ ಸೊಸೈಟಿಯಲ್ಲಿ ಬೀರೇಶ್ವರ ದೇವರೂ, ಅಂದರೆ ನಮ್ಮ ಬೀರಪ್ಪನೂ, ಒಬ್ಬ ಮೆಂಬರು. ನಗಬೇಡಿ, ಖರೇ ಹೇಳುತ್ತಿದ್ದೇನೆ. ರೈತರಿಗೆ ಸಾಲ ಕೊಡಲೆಂದು ಹುಟ್ಟಿದ ಸಂಘಕ್ಕೆ ದೇವರನ್ನೇ ಶೇರುದಾರನನ್ನಾಗಿ ಮಾಡಿಕೊಂಡು, ಕಾಯಿ ಒಡೆದು, ಊರಿಗೆಲ್ಲ ಬೆಲ್ಲ ಹಂಚಿ, ಏನೋ ಘನಕಾರ್ಯ ಮಾಡಿದವರಂತೆ ಮೀಸೆ ತಿರುವಿದ ಗಂಡಸರನ್ನು ನಾನು ಕಣ್ಣಾರೆ ಕಂಡಿದ್ದೇನೆ. ಮುಧೋಳ, ಜಮಖಂಡಿ ಸಂಸ್ಥಾನಗಳು ಮುಗಿದು ನಾವೆಲ್ಲ ಮುಂಬೈ ರಾಜ್ಯಕ್ಕೆ ಸೇರಿದ್ದ ವರ್ಷಗಳು ಅವು. ರಾಜ ಹೋದ, ಇನ್ನು ನಮ್ಮದೇ ರಾಜ್ಯ ಎಂದು ಜನ ಕುಣಿದರು. ನಮ್ಮೂರಿನಲ್ಲಿ ರಾಜ ಹೋದ ಜಾಗಕ್ಕೆ ಸೊಸೈಟಿಯ ಚೇರಮನ್ನ ಬಂದ.

ನಾನು ಜಮಖಂಡಿಯವಳು. ಅಪ್ಪ ಸಂಸ್ಥಾನದ ಕುದುರೆ ಲಾಯದಲ್ಲಿ ಚಾಕರಿಗಿದ್ದ. ಆ ಪುಣ್ಯಕ್ಕೆ ನಾನು ಒಂದಿಷ್ಟು ಓದು ಬರಹ ಕಲಿತೆ. ಲಗ್ನವಾಗಿ ಬಂದದ್ದು ಮುಧೋಳದಿಂದ ಲೋಕಾಪುರಕ್ಕೆ ಹೋಗುವ ದಾರಿಯ ಪಕ್ಕದ ಈ ಹಳ್ಳಿಗೆ, ಕುರಿ ಕಾಯುವ, ಬೀರಪ್ಪನಿಗೆ ನಡೆದುಕೊಳ್ಳುವ ಮನೆಗೆ. ಗಂಡ ಸುಗ್ಗಿ ಮುಗಿದದ್ದೇ ತಡ ಕುರಿ ಹೊಡೆದುಕೊಂಡು ಬೀಳಗಿ ಕಡೆ ಹೋದರೆ ತಿಂಗಳುಗಟ್ಟಲೆ ಮುಖ ಕಾಣುತ್ತಿರಲಿಲ್ಲ. ಮಾವ ನಾನು ಬರುವ ಮೊದಲೇ ತೀರಿಕೊಂಡಿದ್ದ. ಮನೆಯಲ್ಲಿ ಉಳಿದವರು ನಾನು ಮತ್ತು ಅತ್ತೆ. ಅತ್ತೆಗೆ ಅಕ್ಷರ ಬರುತ್ತಿರಲಿಲ್ಲ. ಆದರೆ ಯಾರು ಯಾವಾಗ ಯಾವ ಮಾತು ಆಡಿದರು ಎನ್ನುವುದನ್ನು ಮರೆಯುವ ಹೆಣ್ಣು ಅಲ್ಲವೇ ಅಲ್ಲ. ನನ್ನ ಲಗ್ನದಲ್ಲಿ ನನ್ನ ಸೋದರತ್ತೆ ಸಪ್ಪಗಿನ ಸಾರಿನ ಬಗ್ಗೆ ಆಡಿದ್ದನ್ನು ಸಾಯುವ ತನಕ ನನಗೆ ಎತ್ತಿ ಆಡಿದಳು.

ಚೇರಮನ್ನನಿಗೆ ನಾನು ಬಹುವಚನ ಕೊಡುವುದಿಲ್ಲ. ಊರೆಲ್ಲ ಕೊಡುತ್ತಿತ್ತು, ನನ್ನದೊಂದು ಕಡಿಮೆಯಾದರೆ ಅವನೇನೂ ಬಡವನಾಗಲಾರ. ಸೊಸೈಟಿ ನಡೆಯುತ್ತಿದ್ದದ್ದು ಅವನ ಮನೆಯ ಪಡಸಾಲೆಯಲ್ಲೇ. ಒಂದು ಕುರ್ಚಿ, ಅದು ಅವನದು. ಒಂದು ಜಮಖಾನೆ, ಅದು ಪಂಚ ಕಮಿಟಿಯವರದು. ಉಳಿದ ರೈತರಿಗೆ ಹೊರಗಿನ ಕಟ್ಟೆ. ಕಮಿಟಿ ಎಂದರೆ ಯಾರು? ಅವನ ಷಡ್ಡಕ, ಅವನ ಸೋದರಮಾವ, ಅವನ ಅಂಗಡಿಯಲ್ಲಿ ಉದ್ರಿ ತರುವ ಮತ್ತೊಬ್ಬ. ಸೆಕ್ರೆಟರಿ ಕನ್ನಡ ಶಾಲೆಯ ಮಾಸ್ತರ. ಪಾಪ, ಆತ ಅಂಜುಬುರುಕ. ಚೇರಮನ್ನ ಕೆಮ್ಮಿದರೆ ಅದನ್ನೂ ಠರಾವು ಎಂದು ಬರೆದುಕೊಳ್ಳಬೇಕೋ ಏನೋ ಎಂದು ಪೆನ್ನು ಎತ್ತುತ್ತಿದ್ದ. ಮುಂಗಾರಿನ ಸಾಲ ಬಂತೆಂದರೆ ಮೊದಲು ಕುರ್ಚಿಗೆ, ಆಮೇಲೆ ಜಮಖಾನೆಗೆ, ಏನಾದರೂ ಮಿಕ್ಕಿದರೆ ಕಟ್ಟೆಗೆ. ಕಟ್ಟೆಯ ಮೇಲೆ ಕೂತವರು ಅದಕ್ಕೂ ಕೈ ಮುಗಿಯುತ್ತಿದ್ದರು. ನನಗೆ ಚೇರಮನ್ನನ ಮೇಲೆ ಎಷ್ಟು ಸಿಟ್ಟು ಬರುತ್ತಿತ್ತೋ ಆ ಕೈಗಳ ಮೇಲೂ ಅಷ್ಟೇ ಬರುತ್ತಿತ್ತು.

ದೇವರು ಮೆಂಬರಾದದ್ದು ಹೀಗೆ. ಒಬ್ಬೊಬ್ಬ ಮೆಂಬರಿಗೆ ಇಂತಿಷ್ಟೇ ಸಾಲ ಎಂದು ಮಿತಿ ಇತ್ತು. ಚೇರಮನ್ನ ತನ್ನ ಹೆಸರಿನಲ್ಲಿ, ಹೆಂಡತಿಯ ಹೆಸರಿನಲ್ಲಿ, ಇನ್ನೂ ಮೀಸೆ ಮೂಡದ ಮಗನ ಹೆಸರಿನಲ್ಲಿ ಮಿತಿ ಮುಟ್ಟಿ ಆಗಿತ್ತು. ಆಗ ಅವನ ಕಣ್ಣು ಬೀರಪ್ಪನ ಮೇಲೆ ಬಿತ್ತು. ದೇವರಿಗೆ ಒಂದು ತುಂಡು ಹೊಲ ಇತ್ತಲ್ಲ, ಅಂದಮೇಲೆ ದೇವರೂ ರೈತನೇ! ಗುಡಿಯ ಪೂಜಾರಿ ಅತ್ತೆಯ ಖಾಸಾ ತಮ್ಮ. ಅವನ ತಲೆಗೊಂದು ಕೆಂಪು ಪಟಗ ಸುತ್ತಿಸಿದರು. ಅಷ್ಟಕ್ಕೇ ಉಬ್ಬಿಹೋದ ಆ ಭೋಳೆ ಮನುಷ್ಯ ದೇವರ ಪರವಾಗಿ ಹೆಬ್ಬೆಟ್ಟು ಒತ್ತಿದ. ಗುಡಿಯ ಮುಂದೆ ಭಕ್ತರಿಗೆ ನೆರಳಾಗಲಿ, ತಗಡಿನ ಚಪ್ಪರ ಹಾಕಿಸೋಣ ಎಂದು ದೇವರ ಹೆಸರಿನಲ್ಲಿ ಸಾಲ ಎತ್ತಿದರು. ಜಾಮೀನು ಯಾರು ಎಂಬ ಪ್ರಶ್ನೆ ಬಂದಾಗ ಚೇರಮನ್ನ ಎದ್ದು ನಿಂತು, ಕಟ್ಟೆಯ ಜನಕ್ಕೆಲ್ಲ ಕೇಳುವಂತೆ ಹೇಳಿದ: “ಬೀರಪ್ಪಗ ನಾನs ಜಾಮೀನು. ಈಗಷ್ಟs ಅಲ್ಲ, ದೇವರು ಯಾವಾಗ ಸಾಲ ತಗೊಂಡ್ರೂ ಈ ಮನಿತನದ್ದs ಜಾಮೀನು. ಬರೀರಿ ಮಾಸ್ತರ, ಠರಾವು ಮಾಡ್ರಿ. ದೇವರಿಗೆ ಜಾಮೀನು ನಿಲ್ಲೂ ಭಾಗ್ಯ ಯಾರಿಗೈತಿ?”

ಜನ ಚಪ್ಪಾಳೆ ತಟ್ಟಿದರು. ಅತ್ತೆ ತಟ್ಟಲಿಲ್ಲ, ಸೆರಗಿನಿಂದ ಮೂಗು ಒರೆಸಿಕೊಂಡಳು.

ಚಪ್ಪರ ಎದ್ದಿತು. ಭಕ್ತರು ಅದರ ನೆರಳು ಕಂಡದ್ದು ಒಂದೇ ಹುಣ್ಣಿಮೆ. ಆಮೇಲೆ ಸುತ್ತ ಮೂರು ಕಡೆ ತಟ್ಟಿ ಕಟ್ಟಿ, ಮುಂದೆ ಬಾಗಿಲು ಇಟ್ಟು, ಚೇರಮನ್ನ ತನ್ನ ಗಾಣದ ಬೆಲ್ಲದ ಪೆಂಟೆಗಳನ್ನು ಅದರಲ್ಲಿ ಒಟ್ಟಿದ. ಮಹಾಲಿಂಗಪುರದ ಪೇಟೆಯಲ್ಲಿ ದರ ಏರುವವರೆಗೂ ಬೆಲ್ಲ ಬೀರಪ್ಪನ ಮಾಡಿನ ಕೆಳಗೆ ತಣ್ಣಗೆ ಕೂತಿರುತ್ತಿತ್ತು. ಭಕ್ತರು ಬಿಸಿಲಿನಲ್ಲಿ ಕೂರುತ್ತಿದ್ದರು. ದೇವರಿಗೆ ಇರುವೆ ಕಾಟ ಶುರುವಾಯಿತು ಎಂದು ಪೂಜಾರಿ ಅಕ್ಕನ ಮುಂದೆ ಬಂದು ಅಳುತ್ತಿದ್ದ. ಅತ್ತೆ ಅವನ ಕೆಂಪು ಪಟಗವನ್ನೇ ನೋಡುತ್ತಿದ್ದಳು.

ಇನ್ನು ನಮ್ಮ ಬಾವಿಯ ಮಾತು. ಮಾವ ಬದುಕಿದ್ದಾಗ ಅತ್ತೆಯ ಬೆಳ್ಳಿಯ ಡಾಬು ಮಾರಿ ಒಂದು ಹೊಲ ಹಿಡಿದಿದ್ದ. ಡಾಬು ಅವಳದಾದ್ದರಿಂದ ಹೊಲವನ್ನೂ ಅವಳ ಹೆಸರಿಗೇ ಮಾಡಿಸಿದ್ದ. ಅದರಲ್ಲಿ ಬಾವಿ ತೋಡಿಸಲು ಹೋಗಿ, ಅರ್ಧಕ್ಕೆ ಕರಿಕಲ್ಲು ಬಡಿದು, ಅಲ್ಲಿಗೇ ನಿಲ್ಲಿಸಿ ತೀರಿಹೋಗಿದ್ದ. ಕಲ್ಲಿನ ಸಂದಿಯಿಂದ ನೀರು ಜಿನುಗುತ್ತಿತ್ತು, ಕುಡಿಯಲು ಸಾಕು, ಹೊಲಕ್ಕೆ ಸಾಲದು. ಮದ್ದು ಹಾಕಿ ಆ ಕಲ್ಲು ಒಡೆಸಿದರೆ ಕೆಳಗೆ ನೀರಿದೆ ಎಂದು ಬಾವಿ ತೋಡುವವರು ಹೇಳುತ್ತಲೇ ಇದ್ದರು. ನಮ್ಮ ಹೊಲದ ಮೂರು ಮಗ್ಗುಲಿಗೂ ಚೇರಮನ್ನನ ಕಬ್ಬು. ಅವನ ಎತ್ತಿನಗಾಡಿ ನಮ್ಮ ಬದು ಸುತ್ತಿ ಹೋಗಬೇಕಾಗುತ್ತಿತ್ತು. ಅಷ್ಟು ದೊಡ್ಡ ಮನುಷ್ಯನಿಗೆ ಅಷ್ಟು ಸುತ್ತು ಬಳಸುವುದು ಸಹನೆಯಾಗಲಿಲ್ಲ.

ಅತ್ತೆ ಬಾವಿಗೆಂದು ಸಾಲ ಕೇಳಲು ಹೋದಳು. ನಾನೂ ಜೊತೆಗೆ ಹೋಗಿದ್ದೆ. ತಾಲೂಕಿನಿಂದ ಸಾಲ ಮಂಜೂರು ಮಾಡುವ ಸಾಹೇಬ ಬಂದಿದ್ದ ದಿನ ಅದು. ಸಾಹೇಬ ಎಂದರೆ ಬಿಳಿ ಟೋಪಿ, ಉದ್ದ ಕೋಟು, ಮತ್ತು ಚೇರಮನ್ನನ ಮನೆಯ ಕೋಳಿ ಊಟ. ಊಟ ಮುಗಿಸಿ ಹಲ್ಲಿನ ಸಂದಿ ಕೆದಕುತ್ತಲೇ ರೈತರ ಕಷ್ಟ ಕೇಳುವುದು ಆತನ ಪದ್ಧತಿ.

“ಹೊಲ ಐತಿ, ಖರೆ. ಜಾಮೀನು ಯಾರು ನಿಲ್ತಾರ?” ಎಂದ ಸಾಹೇಬ.

ಅತ್ತೆ ಕಟ್ಟೆಯ ಕಡೆ ತಿರುಗಿದಳು. ನಮ್ಮ ಮನೆಯ ಕಂಬಳಿ ಹೊದ್ದು ಚಳಿ ಕಳೆದವರು, ನಮ್ಮ ಕುರಿ ಗೊಬ್ಬರಕ್ಕೆಂದು ತಮ್ಮ ಹೊಲದಲ್ಲಿ ನಿಂತದ್ದರಿಂದ ಒಳ್ಳೆ ಬೆಳೆ ತೆಗೆದವರು ಅಲ್ಲಿದ್ದರು. ಎಲ್ಲರೂ ಏಕಕಾಲಕ್ಕೆ ತಮ್ಮ ತಮ್ಮ ಕಾಲಿನ ಉಗುರು ನೋಡಿಕೊಂಡರು. ಯಾಕೆಂದು ಹೇಳಬೇಕಾಗಿಲ್ಲ. ಚೇರಮನ್ನ ಕುರ್ಚಿಯಲ್ಲಿ ಕೂತು ಕಾಲು ಅಲ್ಲಾಡಿಸುತ್ತಿದ್ದ.

“ಯಕ್ಕಾ,” ಎಂದ ಅವನು, ಬೆಲ್ಲದಷ್ಟೇ ಮೆತ್ತಗೆ, “ಈ ವಯಸ್ಸಿನಾಗ ನಿನಗ ಯಾಕಬೇ ಈ ಉಸಾಬರಿ? ಹೊಲ ನನಗ ಕೊಟ್ಟುಬಿಡು. ಮಗ ಹೆಂಗೂ ಕುರಿ ಹಿಂದ ತಿರಗತಾನ. ಬ್ಯಾಸಗಿ ಬಂತು, ಆ ಬಾವ್ಯಾಗ ಕಪ್ಪೀನೂ ಉಳಿಯೂದಿಲ್ಲ.”

ಡಾಬು ಮಾರಿ ಹಿಡಿದ ಹೊಲ ಅದು. ಬಾವಿ ಆಗದಿದ್ದರೆ ಇವತ್ತಲ್ಲ ನಾಳೆ ಅವನ ಪಾಲಾಗುತ್ತದೆಂದು ನಮ್ಮಿಬ್ಬರಿಗೂ ಗೊತ್ತಿತ್ತು. ನನ್ನ ಮೈಯೆಲ್ಲ ಉರಿಯಿತು. ಅತ್ತೆ ಮಾತ್ರ ತಣ್ಣಗೆ ಕೇಳಿದಳು: “ಜಾಮೀನು ಮೆಂಬರ್‍ರs ನಿಲ್ಲಬೇಕಲ್ರಿ ಸಾಹೇಬ್ರ?”

“ಹೌದು.”

“ಬೀರಪ್ಪ ಮೆಂಬರ್ ಅದಾನಲ್ರಿ. ಅವನs ನನ್ನ ಜಾಮೀನು.”

ಕಟ್ಟೆಯ ಮೇಲಿದ್ದವರು ತಲೆ ಎತ್ತಿದರು. ಸಾಹೇಬ ಹಲ್ಲುಕಡ್ಡಿ ತೆಗೆದು ಮಾಸ್ತರನ ಮುಖ ನೋಡಿದ. ಮಾಸ್ತರ ಚೇರಮನ್ನನ ಮುಖ ನೋಡಿದ. ಕಡೆಗೆ ಸಾಹೇಬ ನಕ್ಕ. ಆ ನಗು ನನಗೆ ಇವತ್ತಿಗೂ ಹೇಸಿಗೆ. “ಅಜ್ಜೀ, ನಿಮ್ಮ ದೇವರs ಥಕಬಾಕಿದಾರ ಅದಾನ! ತಗೊಂಡ ಸಾಲ ತುಂಬಿಲ್ಲ, ಬಡ್ಡಿ ತುಂಬಿಲ್ಲ. ಬಾಕಿದಾರ ಇನ್ನೊಬ್ಬರಿಗೆ ಹೆಂಗ ಜಾಮೀನು ನಿಲ್ತಾನ?”

ಚೇರಮನ್ನನೂ ನಕ್ಕ, ಕಮಿಟಿಯೂ ನಕ್ಕಿತು. ದೇವರ ಬಾಕಿಗೆ ಜಾಮೀನುದಾರನನ್ನು ಸಾಹೇಬ ಇಷ್ಟು ದಿನ ಯಾಕೆ ಹಿಡಿದಿರಲಿಲ್ಲ ಎಂದು ಕೇಳುವ ಗಂಡಸು ಅಲ್ಲಿ ಒಬ್ಬನೂ ಇರಲಿಲ್ಲ. ಕೋಳಿಯ ಮೂಳೆಗಳು ಇನ್ನೂ ಹಿತ್ತಲಿನಲ್ಲಿ ನಾಯಿಯ ಬಾಯಲ್ಲಿದ್ದವು.

ಆದರೆ ಆ ನಗುವಿನಲ್ಲಿ ಅವರು ಒಂದು ತಪ್ಪು ಮಾಡಿದರು. ಬೀರಪ್ಪನನ್ನು ಸಾಲ ಮುಳುಗಿಸಿದವನು ಎಂದು ಕರೆದದ್ದು ನಮ್ಮ ಜನರ ಎದುರಿನಲ್ಲಿ. ನಮ್ಮವರು ತಮಗೆ ಬೈದರೆ ಮೈ ಕೊಡವಿಕೊಂಡು ಹೋಗುತ್ತಾರೆ. ಅದೇ ಅವರ ಹಾಳು ಗುಣ. ದೇವರಿಗೆ ಬೈದರೆ ಹಾಗಲ್ಲ. ಅತ್ತೆ ಎದ್ದು ಸೆರಗು ಕೊಡವಿ ಮನೆಗೆ ಬಂದಳು. ಬೀಳಗಿ ಕಡೆಗೆ ಹೋಗುವವರ ಕೈಯಲ್ಲಿ ಮಗನಿಗೆ ಒಂದೇ ಮಾತು ಹೇಳಿ ಕಳಿಸಿದಳು: “ಅಮಾಸಿಗೆ ಪಲ್ಲಕ್ಕಿ ಹೊರೂದೈತಿ, ಬಾ.” ತಮ್ಮನನ್ನು ಕರೆಸಿ ಅವನ ತಲೆಯ ಕೆಂಪು ಪಟಗವನ್ನು ಕಿತ್ತು ಒಲೆಗೆ ಹಾಕಿದಳು. 

ಅಮಾವಾಸ್ಯೆಯ ಬೆಳಿಗ್ಗೆ ಪಲ್ಲಕ್ಕಿ ಎದ್ದಿತು. ಡೊಳ್ಳು ಬಡಿದರು, ದೇವರ ಅರಿಶಿನದ ಪುಡಿ, ಭಂಡಾರ ಹಾರಿಸಿದರು. ನಮ್ಮಲ್ಲಿ ಪಲ್ಲಕ್ಕಿ ತಾನಾಗಿಯೇ ದಾರಿ ಹಿಡಿಯುತ್ತದೆ, ದೇವರಿಗೆ ಮನಸ್ಸಾದ ಕಡೆ ಹೊತ್ತವರನ್ನು ಎಳೆಯುತ್ತದೆ ಎನ್ನುವ ನಂಬಿಕೆ. ಎಂದಿನಂತೆ ದೇವರ ಜಳಕಕ್ಕೆ ಹಳ್ಳದ ಕಡೆ ಹೋಗಬೇಕಾದದ್ದು ಅಂದು ನಾಲ್ಕು ಹೆಜ್ಜೆ ಹೋಗಿ ತಿರುಗಿತು. ತೂಗಾಡುತ್ತ ಬಂದು ತಗಡಿನ ಚಪ್ಪರದ ಬಾಗಿಲಿಗೆ ನಿಂತಿತು. ದೇವರು ಎಳೆದನೋ, ಮುಂದಿನ ಹೆಗಲು ಕೊಟ್ಟಿದ್ದ ನನ್ನ ಗಂಡನೇ ತಿರುಗಿದನೋ, ನಾನು ಕೇಳಲಿಲ್ಲ. ನೀವೂ ಕೇಳಬೇಡಿ.

ಒಳಗೆ ಬೆಲ್ಲ. ಹೊರಗೆ ಚೇರಮನ್ನನ ಗಾಡಿಗಳು ಹೂಡಿ ನಿಂತಿದ್ದವು. ಅವತ್ತೇ ಮಹಾಲಿಂಗಪುರಕ್ಕೆ ಹೊರಡುವುದಿತ್ತು, ದರ ಚಲೋ ಬಂದಿತ್ತಂತೆ. ಸುದ್ದಿ ತಿಳಿದು ಅವನು ರುಮಾಲು ಸುತ್ತಿಕೊಳ್ಳುತ್ತಲೇ ಓಡಿ ಬಂದ.

“ಏನಿದು? ಪಲ್ಲಕ್ಕಿ ಇಲ್ಯಾಕ?”

“ತನ್ನ ಚಪ್ಪರಕ್ಕ ಬಂದಾನರಿ,” ಎಂದಳು ಅತ್ತೆ. “ಸಾಲ ಅವಂದು, ನೆಳ್ಳೂ ಅವಂದು. ಒಳಗ ಕೂಡ್ರತಾನಂತ. ಬಾಗಲಾ ತಗೀರಿ.”

ಅವನು ಬಾಗಿಲು ತೆಗೆಯದೆ ಹೇಗಿರುತ್ತಾನೆ? ಊರೇ ಸೇರಿತ್ತು. ಕಟ್ಟೆಯ ಮೇಲೆ ಉಗುರು ನೋಡಿಕೊಂಡವರೂ ಡೊಳ್ಳಿನ ಸದ್ದಿಗೆ ಒಮ್ಮೆಲೇ ಶೂರರಾಗಿ ಬಂದು ನಿಂತಿದ್ದರು. ಬಾಗಿಲು ತೆರೆದದ್ದೇ ಡೊಳ್ಳು ಜೋರಾಯಿತು. ನಮ್ಮವರು ಚೀಲಗಟ್ಟಲೆ ಭಂಡಾರ ಎರಚಿದರು. ಹಳದಿ ಮೋಡ ಒಳಗೆ ನುಗ್ಗಿ ಬೆಲ್ಲದ ಪೆಂಟೆಗಳ ಮೇಲೆಲ್ಲ ಕೂತಿತು. ಚೇರಮನ್ನನ ಮುಖವೂ ಹಳದಿಯಾಯಿತು, ಅದು ಭಂಡಾರದಿಂದ ಅಲ್ಲ.

ಯಾಕೆಂದರೆ ನಮ್ಮಲ್ಲಿ ಭಂಡಾರ ಬಿದ್ದ ಪದಾರ್ಥ ದೇವರದ್ದು. ಅದನ್ನು ಮಾರಿ ಹಣ ಕಿಸೆಗೆ ಹಾಕಿಕೊಂಡವನ ಮನೆ ಉಳಿಯುವುದಿಲ್ಲ ಎಂದು ಹಾಲು ಕುಡಿಯುವ ಕೂಸಿಗೂ ಗೊತ್ತು. ಬೆಲ್ಲ ಕೊಳ್ಳಲು ಮಹಾಲಿಂಗಪುರದಿಂದಲೇ ಬಂದಿದ್ದ ವ್ಯಾಪಾರಿ ಮೆಲ್ಲಗೆ ಹಿಂದೆ ಸರಿದು ತನ್ನ ಗಾಡಿಯ ಹತ್ತಿರ ನಿಂತ. ಚೇರಮನ್ನ ಮೊದಲು ಗದರಿದ, ಆಮೇಲೆ ಹಲ್ಲು ಕಿರಿದ, ಆಮೇಲೆ ಕಮಿಟಿಯನ್ನು ಹುಡುಕಿದ. ಷಡ್ಡಕ ಹೊಲಕ್ಕೆ ಹೋಗಿದ್ದ. ಸೋದರಮಾವನಿಗೆ ಹೊಟ್ಟೆನೋವು. ಅವನ ನೆರವಿಗೆ ಬಂದವಳು ಹೆಂಡತಿ ಒಬ್ಬಳೇ, ಅದೂ ಕೊಡ ನೀರು ತಂದು ಪಲ್ಲಕ್ಕಿ ಹೊತ್ತವರ ಕಾಲಿಗೆ ಸುರಿದು, ಎಲ್ಲರೆದುರು ಗಂಡನಿಗೆ ಹೇಳಿದಳು: “ದೇವರ ಋಣಾ ಮಕ್ಕಳ ಮ್ಯಾಲ ಹಾಕಬ್ಯಾಡ್ರಿ. ಈ ಬೆಲ್ಲಾ ಮಾರಿ ಅವನ ಸಾಲಕ್ಕs ತುಂಬರಿ.”

ಪಲ್ಲಕ್ಕಿ ಮೂರು ಸಲ ತೂಗಾಡಿತು. ಒಪ್ಪಿಗೆಯಾಯಿತು ಎಂದು ಪೂಜಾರಿ ಕೂಗಿದ. ಆ ಭೋಳೆ ಮನುಷ್ಯ ಜೀವಮಾನದಲ್ಲಿ ಮಾಡಿದ ಒಂದೇ ಉಪಯೋಗದ ಕೆಲಸ ಅದು. ದೇವರ ಸಾಲ ತೀರಿಸುವುದಕ್ಕೆ ಎಂದಾದ ಮೇಲೆ ವ್ಯಾಪಾರಿಯೂ ಬೆಲ್ಲಕ್ಕೆ ಕೈ ಮುಗಿದು ಗಾಡಿಗೆ ಹೇರಿಸಿದ. ಆ ವಾರವೇ ಬೀರಪ್ಪನ ಬಾಕಿ ಬೇಬಾಕಿಯಾಯಿತು.

ಅತ್ತೆ ಮತ್ತೆ ಹೋದಳು. ಸಾಹೇಬ ಮತ್ತೆ ಬಂದಿದ್ದ, ಈ ಸಲ ಕೋಳಿ ಇರಲಿಲ್ಲ, ಆದ್ದರಿಂದ ಬೇಗ ಹೊರಡುವ ಆತುರ. “ದೇವರ ಬಾಕಿ ಮುಗೀತು. ಈಗ ಅವನ ಜಾಮೀನು ಹಿಡೀರಿ,” ಎಂದಳು.

ಸಾಹೇಬ ಕಾಯ್ದೆ ಎಂದ, ಕಲಮು ಎಂದ, ಅರ್ಧ ಮರಾಠಿಯಲ್ಲಿ ಇನ್ನೇನೋ ಎಂದ. ಒಟ್ಟಿನ ಮೇಲೆ ದೇವರು ಸಾಲ ತೆಗೆದುಕೊಳ್ಳಬಹುದು, ಇನ್ನೊಬ್ಬರಿಗೆ ಜಾಮೀನು ನಿಲ್ಲಲು ಬರುವುದಿಲ್ಲ. ಹೋದ ಸಲ ಈ ಮಾತು ಯಾಕೆ ಹೇಳಲಿಲ್ಲ ಎಂದು ನಾನು ಕೇಳಿದೆ. ಹೆಣ್ಣುಮಕ್ಕಳು ನಡುವೆ ಬಾಯಿ ಹಾಕಬಾರದು ಎಂದ. ಚೇರಮನ್ನನ ಕಾಲು ಮತ್ತೆ ಅಲ್ಲಾಡತೊಡಗಿತು. ನನಗೆ ಅಳು ಬಂತು. ಪಲ್ಲಕ್ಕಿ ತಿರುಗಿಸಿ, ಇಷ್ಟೆಲ್ಲ ಮಾಡಿ, ಕಡೆಗೆ ಕೈಗೆ ಬಂದದ್ದೇನು? ಈ ಮಂದಿಯ ಕೈಯಲ್ಲಿ ದೇವರಿಗೂ ಒಂದು ಕಾಯ್ದೆ, ಮನುಷ್ಯರಿಗೂ ಒಂದು ಕಾಯ್ದೆ, ಎರಡೂ ಅವರ ಕಡೆಗೇ.

ಅತ್ತೆ ಅಳಲಿಲ್ಲ. ನೆಲಕ್ಕೆ ಕೈ ಊರಿ ಎದ್ದು, ಮೊದಲ ಸಲ ಜಮಖಾನೆಯ ಮೇಲೆ ಕಾಲಿಟ್ಟಳು.

“ಹಂಗಾದ್ರ ಬೀರಪ್ಪನ ಹೆಸರಿಲೇನs ಕೊಡ್ರಿ. ಬಾವಿ ಅವಂದು ಅಂತ ಬರ್ಕೊಳ್ರಿ. ಇನ್ನ ಮುಂದ ಪಲ್ಲಕ್ಕಿ ಜಳಕಾ ನನ್ನ ಬಾವ್ಯಾಗs ಆಗತೈತಿ. ಸಾಲಾ ನಾ ಮುಟ್ಟಸ್ತೀನಿ.”

“ಜಾಮೀನು?” ಎಂದ ಸಾಹೇಬ, ರೂಢಿಯಂತೆ.

ಅತ್ತೆ ಕುರ್ಚಿಯ ಕಡೆ ತಿರುಗಿದಳು. “ದೇವರು ಯಾವಾಗ ಸಾಲ ತಗೊಂಡ್ರೂ ಈ ಮನಿತನದ್ದs ಜಾಮೀನು ಅಂದಿದ್ರಲ್ರಿ. ಮಾಸ್ತರು ಠರಾವು ಮಾಡ್ಯಾರ. ಮಂದಿ ಚಪ್ಪಾಳಿ ಬಡದಾರ. ಹೌದಿಲ್ಲೋ?”

ಕಟ್ಟೆಯ ಮೇಲಿಂದ ಯಾರೋ ಹೌದು ಎಂದರು. ಆಮೇಲೆ ಎಲ್ಲರೂ ಹೌದು ಎಂದರು. ಅಂಜುಬುರುಕ ಮಾಸ್ತರನ ತಲೆ ಕೂಡ, ಯಾರ ಅಪ್ಪಣೆಯೂ ಇಲ್ಲದೆ, ಅಲ್ಲಾಡಿತು. ಚೇರಮನ್ನನ ಕಾಲು ನಿಂತಿತು. ಬೀರಪ್ಪನಿಗೆ ಜಾಮೀನು ನಿಲ್ಲುವುದಿಲ್ಲ ಎನ್ನುವ ಬಾಯಿ ಅವನಿಗೆ ಇತ್ತು. ಅಂದುಬಿಟ್ಟು ಮುಂದಿನ ಅಮಾವಾಸ್ಯೆ ಎದುರಿಸುವ ಎದೆ ಇರಲಿಲ್ಲ. ಹರಳೆಣ್ಣೆ ಕುಡಿದವನ ಹಾಗೆ ಮುಖ ಮಾಡಿಕೊಂಡು ಸಹಿ ಹಾಕಿದ.

ಮದ್ದು ಹಾಕಿ ಕಲ್ಲು ಒಡೆಸಿದೆವು. ನೀರು ಬಂತು. ಅತ್ತೆ ಕಂತುಗಳನ್ನು ಉಣ್ಣೆ ಮಾರಿ, ಟಗರು ಮಾರಿ, ಜೋಳ ಮಾರಿ ತಪ್ಪದೆ ಮುಟ್ಟಿಸಿದಳು. ಬೀರಪ್ಪನಂಥ ನಂಬಿಗಸ್ತ ಮೆಂಬರು ಇಡೀ ತಾಲೂಕಿನಲ್ಲಿ ಇಲ್ಲ ಎಂದು ಸಾಹೇಬ ಭಾಷಣದಲ್ಲಿ ಹೊಗಳಿದನಂತೆ. ಸಾಲ ತೀರಿದ ವರ್ಷ ಚೇರಮನ್ನ ಏನು ಮಾಡಿದ ಗೊತ್ತೇ? ಒಂದು ಕಲ್ಲು ಕೆತ್ತಿಸಿ ತಂದು, ನಮ್ಮನ್ನು ಕೇಳದೆ, ಬಾವಿಯ ದಂಡೆಯಲ್ಲಿ ನಿಲ್ಲಿಸಿದ. ಶ್ರೀ ಬೀರೇಶ್ವರ ದೇವರಿಗೆ ಈ ಬಾವಿಯನ್ನು ಧರ್ಮಾರ್ಥವಾಗಿ ಕಟ್ಟಿಸಿಕೊಟ್ಟವರು ಎಂದು, ಕೆಳಗೆ ತನ್ನ ಹೆಸರು, ಅಪ್ಪನ ಹೆಸರು, ಮನೆತನದ ಹೆಸರು. ಸಹಿ ಒಂದು ಹಾಕಿದ್ದಕ್ಕೆ ಇಷ್ಟು. ನಾನು ಗುದ್ದಲಿ ತಂದೆ, ಒಡೆದು ಹಾಕುತ್ತೇನೆ ಎಂದೆ.

“ಹುಚ್ಚೀ,” ಎಂದಳು ಅತ್ತೆ, “ಛಲೋ ಕಲ್ಲು ಐತಿ, ನುಣ್ಣಗ ಐತಿ. ಹಾಳ ಯಾಕ ಮಾಡ್ತೀಬೇ?” ಅದನ್ನು ಕಿತ್ತು, ಅಕ್ಷರ ಮೇಲಾಗಿ ಅಡ್ಡ ಮಲಗಿಸಿ, ಬಟ್ಟೆ ಒಗೆಯುವ ಕಲ್ಲು ಮಾಡಿಕೊಂಡಳು. ಕುರಿಯ ಗಬ್ಬು ಹೊಡೆಯುವ ಕಂಬಳಿ, ಕೂಸಿನ ಲಂಗೋಟಿ, ಮುಟ್ಟಿನ ಬಟ್ಟೆ ಎಲ್ಲ ಅದರ ಮೇಲೆಯೇ. ಚೇರಮನ್ನ ಗಾಡಿಯ ಮೇಲೆ ಬದು ಸುತ್ತಿ ಹೋಗುವಾಗ ಕಂಡೂ ಕಾಣದವನಂತೆ ಹೋಗುತ್ತಿದ್ದ. ಅವನು ಬರುವುದು ಕಂಡರೆ ಅತ್ತೆ ಒಂದು ಏಟು ಜೋರಾಗಿಯೇ ಹಾಕುತ್ತಿದ್ದಳು.

ಇತ್ತೀಚೆಗೆ ಸೊಸೈಟಿಗೆ ಹೊಸ ಕಟ್ಟಡ ಆಯಿತು. ಪ್ಯಾಂಟು ಹಾಕಿದ ಇಬ್ಬರು ಹುಡುಗರು ನನ್ನ ಹತ್ತಿರ ಬಂದರು. ಚೇರಮನ್ನನ ಫೋಟೋ ಹಾಕುತ್ತಾರಂತೆ, ರೈತರ ಬಂಧು ಎಂದು ಬರೆಸುತ್ತಾರಂತೆ, ಫೋಟೋದ ಕೆಳಗೆ ಆ ಬಾವಿಯ ಕಲ್ಲನ್ನು ಗೋಡೆಗೆ ಕೂಡಿಸುತ್ತಾರಂತೆ. ನಾನು ಅವರನ್ನು ಬಾವಿಗೆ ಕರೆದುಕೊಂಡು ಹೋದೆ. ಒಬ್ಬ ಕಲ್ಲಿನ ಮೇಲೆ ನೀರು ಹೊಯ್ದ, ಇನ್ನೊಬ್ಬ ಅಂಗೈಯಿಂದ ಒರೆಸಿ ಒರೆಸಿ ನೋಡಿದ. ಬೀರೇಶ್ವರನ ಹೆಸರು ಮೇಲಂಚಿನಲ್ಲಿದ್ದದ್ದರಿಂದ ಉಳಿದಿತ್ತು. ಕೆಳಗೆಲ್ಲ ಗಾಜಿನ ಹಾಗೆ ನುಣುಪು.

“ಚೇರಮನ್ನರ ಹೆಸರs ಇಲ್ಲಲ್ಲಬೇ ಅಜ್ಜಿ?”

“ಇತ್ತಪಾ,” ಎಂದೆ, “ನಮ್ಮತ್ತಿ ಒಗದು ಒಗದು ಹ್ವಾತು. ಸರೀರಿ ಒಂದೀಟು, ನನ್ನವೂ ಇನ್ನೆರಡು ಸೀರಿ ಉಳದಾವ.”